ಗಣಿತ ಪರೀಕ್ಷೆಯ ದಿನ ಬಂದ ಫೋನು

ಅರಗು ಕರಗುವ ವಾಸನೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಪರೀಕ್ಷೆ ಮುಗಿದ ಮೇಲೆ ಉತ್ತರ ಪತ್ರಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು, ಗಂಟಿನ ಮೇಲೆ ಕೆಂಪು ಅರಗನ್ನು ಮೇಣದಬತ್ತಿಯ ಉರಿಯಲ್ಲಿ ಕರಗಿಸಿ ತೊಟ್ಟಿಕ್ಕಿಸಿ ಮೊಹರು ಒತ್ತುತ್ತಾರೆ. ಒಗ್ಗರಣೆ ಸೀದ ಹಾಗೆ ಒಂದು ಘಾಟು ಆಗ ಕೋಣೆಯನ್ನೆಲ್ಲ ತುಂಬುತ್ತದೆ. ಹದಿನಾಲ್ಕು ವರ್ಷದಿಂದ ಪ್ರತಿ ಸಲ ಆ ಹೊತ್ತಿಗೆ ಸರಿಯಾಗಿ ನಾನು ಎದ್ದು ಹೊರಗೆ ಹೋಗುತ್ತೇನೆ. ಜೊತೆಯವರು ನನಗೆ ಅಲರ್ಜಿ ಎಂದುಕೊಂಡಿದ್ದಾರೆ. ಹಾಗೇ ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೇನೆ.

ಈ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಜಾಗೃತ ದಳಕ್ಕೆ ನನ್ನನ್ನು ಹಾಕಿದ್ದು ಸಿದ್ದಾಪುರಕ್ಕೆ. ಆದೇಶ ಕೈಗೆ ಬಂದ ದಿನ ತಪ್ಪಿಸಿಕೊಳ್ಳಲು ಕಾರಣ ಹುಡುಕಿದೆ, ಸಿಗಲಿಲ್ಲ. ಪರೀಕ್ಷಾ ಕೇಂದ್ರವೂ ಅದೇ ಹಳೆಯದು. ಗೇಟಿನೆದುರು ಇದ್ದ ಹೋಟೆಲು ಮಾತ್ರ ಈಗ ಮೊಬೈಲ್ ಅಂಗಡಿಯಾಗಿದೆ. ಗಣಿತದ ದಿನ ಮಧ್ಯಾಹ್ನ ಆಫೀಸಿನಲ್ಲಿ ಮೇಣದಬತ್ತಿ ಹಚ್ಚಿದರು, ನಾನು ಅಂಗಳಕ್ಕೆ ಬಂದೆ. ನಿಂತಲ್ಲೇ ಹೊಳೆಯಿತು: ನನಗೀಗ ನಲವತ್ತಮೂರು. ಹದಿನಾಲ್ಕು ವರ್ಷದ ಹಿಂದೆ ಸುಮಿತ್ರಕ್ಕ ಹಾಲ್ ಟಿಕೆಟ್ ಹಿಡಿದುಕೊಂಡು ನಗುತ್ತ ಇದೇ ಅಂಗಳ ದಾಟಿ ಬಂದಾಗ ಅವಳಿಗೂ ಇಷ್ಟೇ ವಯಸ್ಸಾಗಿತ್ತು.

ನನ್ನದು ಗುಡ್ನಾಪುರದ ಕೆರೆಯ ಆಚೆಯ ಊರು, ಬನವಾಸಿ ಕಡೆ. ಕೆಎಎಸ್ ಬರೆದು ಸಾಹೇಬಳಾಗಬೇಕೆಂದು ಧಾರವಾಡದಲ್ಲಿ ಕೂತು ಓದಿದವಳು ನಾನು. ಎರಡು ಸಲ ಬರೆದೆ, ಎರಡು ಸಲವೂ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿದೆ. ಕೊನೆಗೆ ಬಿ.ಎಡ್. ಕೈ ಹಿಡಿಯಿತು, ಗಣಿತದ ಶಿಕ್ಷಕಿಯಾಗಿ ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದೆ. ಬಂದ ದಿನ ನನ್ನ ಮುಖ ಹೇಗಿತ್ತೆಂದರೆ, ಮುಖ್ಯೋಪಾಧ್ಯಾಯರು "ಯಾರಾದ್ರೂ ತೀರಿಕೊಂಡಿದ್ದಾರಾ?" ಎಂದು ಕೇಳಿದರು. ತೀರಿಕೊಂಡದ್ದು ನನ್ನ ಸಾಹೇಬಗಿರಿ.

ಬಾಡಿಗೆಗೆ ಸಿಕ್ಕಿದ್ದು ರಸ್ತೆ ಬದಿಯ ಹೆಂಚಿನ ಮನೆಯ ಒಂದು ಪಕ್ಕದ ಕೋಣೆ. ಮನೆಯ ಯಜಮಾನ ಗಣಪಣ್ಣ ಮದುವೆ, ಮುಂಜಿಗಳಿಗೆ ಅಡುಗೆ ಮಾಡುವವರು, ತಿಂಗಳ ಅರ್ಧದಷ್ಟು ದಿನ ಸಿರ್ಸಿ, ಸಾಗರ ಎಂದು ಹೊರಗೇ ಇರುತ್ತಿದ್ದರು. ಒಬ್ಬಳೇ ಮಗಳು ಹಿಂದಿನ ವರ್ಷ ಮದುವೆಯಾಗಿ ಹೋಗಿದ್ದಳು. ಹೆಂಡತಿ ಸುಮಿತ್ರಕ್ಕ ಹಪ್ಪಳ ಮಾಡಿ ಮಾರುತ್ತಿದ್ದಳು. ಮೊದಲ ವಾರವೆಲ್ಲ ನನ್ನೊಡನೆ ಪೇಟೆ ಕನ್ನಡದಲ್ಲಿ ಮಾತಾಡಿದಳು. "ಬನ್ನಿ ಅಕ್ಕೋರೆ, ಆಸರಿಗೆ ಎಂತ ಬೇಕು? ಮಜ್ಜಿಗೆ ಅಡ್ಡಿ ಇಲ್ವಾ?" ಆ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ, ಬಾಯಾರಿಕೆಗೆ ಕೊಡುವುದೆಲ್ಲ ಆಸರಿಯೇ. ನನ್ನ ಮಾತು ಕೇಳಿದರೆ ಅವಳಿಗೆ ನಗು. "ನಿಮ್ಮ ಕಡೆಯವರು ಬೈದ್ರೂ ಕೊನೆಗೆ ಒಂದು 'ರಿ' ಹಾಕ್ತೀರಲ್ಲ, ಬೈಸಿಕೊಂಡವನಿಗೂ ಮರ್ಯಾದೆ!"

ಒಂದು ಸಂಜೆ ನಾನು ಹತ್ತನೆಯ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಹಿಂದೆ ಬಂದು ನಿಂತವಳು ಒಂದು ಲೆಕ್ಕದ ಮೇಲೆ ಬೆರಳಿಟ್ಟು, "ಇಲ್ಲಿ ಮಾಣಿ ಸರಿ ಮಾಡಿದ್ದ. ನೀವು ತಪ್ಪು ಹಾಕಿದ್ರಿ," ಎಂದಳು. ನೋಡಿದೆ. ಹುಡುಗನದು ಸರಿ, ತಪ್ಪು ನನ್ನದೇ. ಸಿಟ್ಟೂ ನಾಚಿಕೆಯೂ ಒಟ್ಟಿಗೇ ಬಂದವು. ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳಿದ್ದಕ್ಕೆ ಅವಳು ಹೇಳಿದ ಕಥೆಯಿಂದಲೇ ಆ ವರ್ಷ ಶುರುವಾಯಿತು.

ಅವಳ ತವರು ಯಲ್ಲಾಪುರದಿಂದ ಒಳಗಿನ ಹಳ್ಳಿ. ಶಾಲೆಗೆ ಮೊದಲಿಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಅಜ್ಜ ಹೋದರು. ಹತ್ತು ದಿನದ ಸೂತಕ. ಸೂತಕದ ಮನೆಯ ಹೆಣ್ಣುಮಗಳು ಪೇಟೆಗೆ ಹೋಗಿ ನಾಲ್ಕು ಜನರ ನಡುವೆ ಕೂರುವುದೆಂದರೇನು? ಅದೇ ವಾರ ಅವಳ ಅಣ್ಣ ಗಜಾನನ ಕಾಲೇಜಿನ ಪರೀಕ್ಷೆಗೆ ಹೋಗಿ ಬಂದ, ಅವನಿಗೆ ಬಂದು ಸ್ನಾನ ಮಾಡಿದರೆ ಸಾಕಿತ್ತು. "ಆನು ನಿನ್ನ ಒಳ್ಳೇದಕ್ಕೇ ಹೇಳ್ತಿದ್ದಿ" ಎಂದಿದ್ದರಂತೆ ಅಪ್ಪಯ್ಯ. ಮುಂದಿನ ವರ್ಷ ಬರೆದರಾಯಿತು ಎಂದರು. ಮುಂದಿನ ವರ್ಷ ಮದುವೆಯಾಯಿತು.

"ಈಗ ಬರೀರಿ," ಎಂದೆ.

"ಎಂತ ಹೇಳ್ತ್ರಿ ಅಕ್ಕೋರೆ? ಈ ವಯಸ್ಸಿಗೆ?"

"ಗಣಿತಕ್ಕ ನಿಮ್ಮ ವಯಸ್ಸು ಗೊತ್ತಿರೂದಿಲ್ರಿ."

ಮಾತು ಚೆನ್ನಾಗಿತ್ತು, ನನಗೇ ಹಿಡಿಸಿತು. ಖಾಸಗಿ ಅಭ್ಯರ್ಥಿಯ ಅರ್ಜಿ ತಂದು ನಾನೇ ತುಂಬಿಸಿದೆ. ಮುಖ್ಯೋಪಾಧ್ಯಾಯರು ನಕ್ಕು, ಮೊದಲು ನಮ್ಮ ಮಕ್ಕಳನ್ನು ಪಾಸು ಮಾಡಿಸಿ ಎಂದರು. ಅವತ್ತೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ, ಈ ಹೆಂಗಸು ಫಸ್ಟ್ ಕ್ಲಾಸಿನಲ್ಲಿ ಪಾಸಾಗದಿದ್ದರೆ ನನ್ನ ಹೆಸರು ಬದಲಾಯಿಸಿ ಎಂದು. ಈಗ ನೆನೆದರೆ ಕಾಣುತ್ತದೆ, ಪಾಸಾಗಬೇಕಿದ್ದವಳು ಸುಮಿತ್ರಕ್ಕ, ಗೆಲ್ಲಬೇಕಿದ್ದವಳು ನಾನು. ನನ್ನ ಎರಡು ಸೋಲಿಗೆ ಅವಳ ಒಂದು ಗೆಲುವನ್ನು ಮುಲಾಮಿನಂತೆ ಹಚ್ಚಿಕೊಳ್ಳುವ ಆಸೆ ನನಗಿತ್ತು.

ಆದರೂ ಆ ವರ್ಷ ಸುಳ್ಳಾಗಿರಲಿಲ್ಲ. ಮಳೆಗಾಲ ಪೂರ್ತಿ ಅಡುಗೆಮನೆಯೇ ನಮ್ಮ ತರಗತಿ. ಒಲೆಯ ಹಿಂದಿನ ಕಪ್ಪು ಗೋಡೆಗೆ ಸೀಮೆಸುಣ್ಣದಿಂದ ತ್ರಿಕೋನ ಬರೆದೆವು. ಹಿಟ್ಟಿನ ಉಂಡೆ ಒತ್ತುತ್ತ ಅವಳು ಪ್ರಮೇಯ ಒಪ್ಪಿಸುತ್ತಿದ್ದಳು, ತಪ್ಪಿದರೆ ಆ ಹಪ್ಪಳ ಮುದ್ದೆ ಮಾಡಿ ಮತ್ತೆ ಮೊದಲಿನಿಂದ. ನಾನು ಎಂಬುದು 'ಆನು' ಆಗುವ, ಹೆಂಗಸರೆಲ್ಲ 'ಅದು' ಆಗುವ ಆ ಮನೆಮಾತನ್ನು ಯಾವತ್ತು ನನ್ನ ಜೊತೆ ಶುರು ಮಾಡಿದಳೋ ಗೊತ್ತಿಲ್ಲ. ಚೌತಿ ಕಳೆಯುವಷ್ಟರಲ್ಲಿ ಅಕ್ಕೋರು ಹೋಗಿ ತಂಗಿ ಆಗಿದ್ದೆ, ನೀವು ಹೋಗಿ ನೀನು ಆಗಿತ್ತು.

"ತಂಗಿ, ಇದೆಂತದೇ? ಚೀಲದಲ್ಲಿ ಐದು ಕೆಂಪು ಚೆಂಡು, ಮೂರು ನೀಲಿ ಚೆಂಡು. ಕಣ್ಣು ಮುಚ್ಚಿ ಎಂತಕ್ಕೆ ತೆಗೆಯವು? ಕಣ್ಣು ಬಿಟ್ಟು ತೆಗೆದ್ರೆ ಆಗ್ತಿಲ್ಯ?"

"ಕಣ್ಣು ಬಿಟ್ಟರ ಅದು ಗಣಿತ ಅಲ್ಲಕ್ಕಾ."

"ಹಂಗಾರೆ ಸಂಸಾರವೇ ಗಣಿತ ಹೇಳಾತು," ಎಂದು ಒಳಗಿನಿಂದ ಗಣಪಣ್ಣ. ಹೆಂಡತಿ ಓದುವುದು ಅವರಿಗೆ ಒಳಗೊಳಗೇ ಹೆಮ್ಮೆ. "ಇದು ಪಾಸಾಗ್ಲಿ, ಆನು ಊರಿಗೆಲ್ಲ ಹೋಳಿಗೆ ಹಾಕ್ತೆ" ಎಂದು ಹೋದಲ್ಲೆಲ್ಲ ಹೇಳಿ ಬರುತ್ತಿದ್ದರು.

ಚಳಿಗಾಲದಲ್ಲಿ ಕೇರಿಯ ಒಂದು ಮನೆಯಲ್ಲಿ ಮದುವೆ. ಮುಹೂರ್ತದ ಬೆಳಿಗ್ಗೆ ಹೆಗಡೆಕಟ್ಟಾ ಕಡೆಯಿಂದ ಬೈಕಿನಲ್ಲಿ ಒಬ್ಬ ಬಂದ, ಆ ಮನೆತನದ ದಾಯಾದಿ ಅಜ್ಜರೊಬ್ಬರು ಹೋದ ಸುದ್ದಿ ಹೇಳಲು. ಹಿರಿಯರಿಬ್ಬರು ಅವನನ್ನು ರಸ್ತೆಯಲ್ಲೇ ತಡೆದು ಸುಮಿತ್ರಕ್ಕನ ಜಗಲಿಯಲ್ಲಿ ಕೂರಿಸಿ ಅವಲಕ್ಕಿ ಕೊಡಿಸಿ, ತಾಳಿ ಕಟ್ಟುವವರೆಗೂ ಎದ್ದೇಳಲು ಬಿಡಲಿಲ್ಲ. ನನಗೆ ಆಶ್ಚರ್ಯ. ಇದು ಮೋಸವಲ್ಲವೇ ಎಂದು ಕೇಳಿದೆ.

"ಕಿವಿಗೆ ಬೀಳದೇ ಇದ್ರೆ ಸೂತಕ ಇಲ್ಲೆ, ತಂಗಿ. ಕೇಳಿದ ಮೇಲೇ ಅದು ಹಿಡಿಯೋದು," ಎಂದಳು ಸುಮಿತ್ರಕ್ಕ. ನಾನು ಗಣಿತದವಳು, ನಿಯಮ ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಇನ್ನೊಂದು ನಿಯಮ ನನಗೆ ಮೊದಲೇ ಗೊತ್ತಿತ್ತು. ನಮ್ಮ ಕಡೆಯಾಗಲಿ ಅವರ ಕಡೆಯಾಗಲಿ, ಸಾವಿನ ಸುದ್ದಿಯನ್ನು ಫೋನಿನಲ್ಲಿ ಯಾರೂ ನೇರವಾಗಿ ಹೇಳುವುದಿಲ್ಲ. ಸ್ವಲ್ಪ ಆರಾಮಿಲ್ಲ, ಕಾಯಿಲೆ ಜೋರಾಗಿದೆ, ಹೊರಟು ಬಾ ಎನ್ನುತ್ತಾರೆ. ದಾರಿಯಲ್ಲಿ ಎದೆ ಒಡೆದುಕೊಳ್ಳದಿರಲಿ ಎಂಬ ಕರುಣೆ ಅದು. ಧಾರವಾಡದಲ್ಲಿದ್ದಾಗ ನನಗೂ ಹಾಗೇ ಫೋನು ಬಂದಿತ್ತು, "ಅಪ್ಪಗ ಜೋರಾಗೇತಿ, ಬಾರವ್ವಾ" ಎಂದು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಗೆಂದು ಆರು ಮೋಸಂಬಿ ಕೊಂಡೆ. ಮನೆ ಮುಟ್ಟಿದಾಗ ಅಂಗಳದಲ್ಲಿ ಜನ, ನಡುವೆ ಅಪ್ಪ. ಮೋಸಂಬಿಯ ಚೀಲ ಎಲ್ಲಿಡಬೇಕೆಂದು ತಿಳಿಯದೆ ಎಷ್ಟೋ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದೆ. ಆಮೇಲಿಂದ ಯಾರಿಗಾದರೂ ಜೋರಾಗಿದೆ ಎಂದರೆ ನಾನು ಮನಸ್ಸಿನಲ್ಲೇ ಓಂ ಶಾಂತಿ ಅಂದುಬಿಡುತ್ತಿದ್ದೆ.

ಮಾರ್ಚಿ ಬಂತು. ಎಳೆ ಹಲಸಿನ ಕಾಲ, ಮಧ್ಯಾಹ್ನದ ಬಿಸಿಲಿಗೆ ರಸ್ತೆಯ ಧೂಳು ಕಾಲು ಸುಡುತ್ತಿತ್ತು. ಭಾಷೆಯ ಪತ್ರಿಕೆಗಳು ಮೂರೂ ಸಲೀಸಾದವು. ಗಣಿತದ ಶಿಕ್ಷಕರನ್ನು ಗಣಿತದ ದಿನ ಪರೀಕ್ಷಾ ಕೊಠಡಿಗೆ ಹಾಕುವುದಿಲ್ಲ, ಹಾಗಾಗಿ ಆ ದಿನ ನಾನೂ ಅವಳ ಜೊತೆ ಸಿದ್ದಾಪುರಕ್ಕೆ ಹೊರಟಿದ್ದೆ. ಗಣಪಣ್ಣ ಸಿರ್ಸಿಯಲ್ಲಿ ಒಂದು ಮುಂಜಿಯ ಅಡುಗೆಗೆ ಹೋಗಿದ್ದರು. ಮನೆಯ ಲ್ಯಾಂಡ್‌ಲೈನು ಮಳೆಗಾಲದಲ್ಲಿ ಸತ್ತದ್ದು ಮತ್ತೆ ಎದ್ದಿರಲಿಲ್ಲ. ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಶಾಲೆಯ ಹಿಂದಿನ ದಿಬ್ಬದ ಮೇಲೊಂದೇ. ಸುಮಿತ್ರಕ್ಕನ ತವರಿನವರ ಹತ್ತಿರ ನನ್ನ ನಂಬರಿತ್ತು.

ಬೆಳಿಗ್ಗೆ ಎಂಟು ಗಂಟೆ. ಮುಖ್ಯೋಪಾಧ್ಯಾಯರಿಂದ ಏನಾದರೂ ಕರೆ ಇದೆಯೇ ನೋಡೋಣ ಎಂದು ದಿಬ್ಬ ಹತ್ತಿದೆ, ಫೋನು ರಿಂಗಾಯಿತು.

"ಅಕ್ಕೋರೆ, ನಾನು ಗಜಾನನ, ಸುಮಿತ್ರನ ಅಣ್ಣ. ಆಯಿಗೆ ಸ್ವಲ್ಪ ಜೋರಾಗಿದೆ ಮಾರಾಯ್ರೆ. ಅವಳನ್ನ ಕೇಳ್ತಾ ಇದ್ದಾಳೆ. ಒಂಬತ್ತರ ಬಸ್ಸಿಗೇ ಕಳಿಸಿಕೊಡಿ."

"ಇವತ್ತ ಗಣಿತ ಪರೀಕ್ಷಾ ಐತ್ರಿ..."

"ಗೊತ್ತಿದೆ. ಆದ್ರೂ ಕಳಿಸಿ."

ದನಿ ನಡುಗುತ್ತಿತ್ತು. ಪರೀಕ್ಷೆ ಇದ್ದರೂ ಕಳಿಸಿ ಎನ್ನುತ್ತಾನೆಂದರೆ ಆಯಿ, ಸುಮಿತ್ರಕ್ಕನ ತಾಯಿ, ಆಗಲೇ ಹೋಗಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಇನ್ನೊಂದು ಮಾತು ಕೇಳಬಹುದಿತ್ತು. ನಿಜ ಹೇಳಿ, ಉಸಿರಿದೆಯೇ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಲಿಲ್ಲ. ದಿಬ್ಬ ಇಳಿಯುವಷ್ಟರಲ್ಲಿ ನನ್ನ ಲೆಕ್ಕ ಮುಗಿದಿತ್ತು: ಹೋದವರು ಹೋದರು, ಮಗಳು ಬರುವವರೆಗೆ ಹೇಗೂ ಕಾಯುತ್ತಾರೆ. ಈಗ ಹೇಳಿದರೆ ಸೂತಕ ಹಿಡಿಯುತ್ತದೆ, ಪರೀಕ್ಷೆ ಹೋಗುತ್ತದೆ, ಇನ್ನೊಮ್ಮೆ ಅವಳು ಬರೆಯುವುದಿಲ್ಲ. ಮಧ್ಯಾಹ್ನ ಹೇಳಿದರೆ ಯಾರಿಗೂ ಏನೂ ನಷ್ಟವಿಲ್ಲ.

ಅವಳು ದೇವರ ಮುಂದೆ ಪೆನ್ನು ಇಟ್ಟು ಕೈಮುಗಿಯುತ್ತಿದ್ದಳು. ನಾನು ದಿಬ್ಬದಿಂದ ಇಳಿದು ಬಂದದ್ದು ನೋಡಿ, "ಯಾರದ್ದೇ ಫೋನು?" ಎಂದು ಕೇಳಿದಳು.

"ಶಾಲೀದು," ಎಂದೆ.

ಅವಳನ್ನು ಒಳಗೆ ಕಳಿಸಿ ಮೂರೂಕಾಲು ತಾಸು ಗೇಟಿನ ಹೊರಗೆ ಕೂತಿದ್ದೆ. ಫೋನು ಆರಿಸಿಟ್ಟಿದ್ದೆ. ಪರೀಕ್ಷೆ ಬಿಟ್ಟಾಗ ಆಫೀಸಿನ ಕಿಟಕಿಯಿಂದ ಅರಗಿನ ಘಾಟು ಬರುತ್ತಿತ್ತು. ಮಕ್ಕಳ ನಡುವೆ ಒಬ್ಬಳೇ ಸೀರೆಯವಳು, ಓಡುವ ಹಾಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ತಂಗಿ, ಎಲ್ಲಾ ಬರೆದಿ! ಸ್ಪರ್ಶಕದ ಪ್ರಮೇಯವೇ ಕೊಟ್ಟಿದ್ದ. ಎಪ್ಪತ್ತಕ್ಕೆ ಅಡ್ಡಿಲ್ಲೆ!" ಎದುರಿನ ಹೋಟೆಲಿಗೆ ಅವಳೇ ಎಳೆದುಕೊಂಡು ಹೋದಳು. ತನ್ನ ಖುಷಿಗೆ ಎರಡು ಪ್ಲೇಟ್ ಬನ್ಸ್ ಹೇಳಿದಳು. ಅವಳು ತಿಂದು ಕೈ ತೊಳೆಯುವವರೆಗೂ ನಾನು ಹೇಳಲಿಲ್ಲ. ಅದನ್ನೂ ನಾನು ಕರುಣೆ ಎಂದೇ ತಿಳಿದಿದ್ದೆ.

"ಸುಮಿತ್ರಕ್ಕಾ, ನಿಮ್ಮ ಆಯಿಗೆ ಜೋರಾಗೇತಂತ್ರಿ. ಹೋಗೂಣ ನಡೀರಿ."

ಅವಳು ಒದ್ದೆ ಕೈಯಲ್ಲೇ ನಿಂತು ನನ್ನ ಮುಖ ನೋಡಿದಳು. ಅವಳೂ ಇದೇ ನೆಲದವಳು, ಕೇಳಬೇಕಾದ್ದೇ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಸಿರ್ಸಿಯವರೆಗೂ ಸದ್ದಿಲ್ಲದೆ ಅತ್ತಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಒಂದು ಕಡೆ ಸಂಕಟ, ಒಳಗೆಲ್ಲೋ ಗಣಿತ ಗೆದ್ದೆವಲ್ಲ ಎಂಬ ಸಮಾಧಾನ. ಹೌದು, ಸಮಾಧಾನವೇ.

ಸಿರ್ಸಿಯ ಬಸ್ ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುವಾಗ ಆರಿಸಿದ್ದ ಫೋನು ಹಚ್ಚಿದೆ. ಎರಡೇ ನಿಮಿಷ, ರಿಂಗಾಯಿತು. ಅಣ್ಣನ ಹೆಸರು ನೋಡಿ ಸುಮಿತ್ರಕ್ಕನೇ ನನ್ನ ಕೈಯಿಂದ ತೆಗೆದುಕೊಂಡಳು. ಆತ ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಎಲ್ಲಿದ್ದೆ ನೀನು? ಆಯಿ ಈಗ ಹೋತು, ಕಾಲು ಗಂಟೆ ಆತಷ್ಟೇ. ಎಂಟು ಗಂಟೆಗೇ ಆನು ಅಕ್ಕೋರಿ‌ಗೆ ಫೋನ್ ಮಾಡಿ ಹೇಳಿದ್ದಿ. ಮಧ್ಯಾಹ್ನದವರೆಗೂ ಬಾಗ್ಲನ್ನೇ ನೋಡ್ತಾ ಇತ್ತು. ಸುಮಿತ್ರ ಬಂತಾ, ಸುಮಿತ್ರ ಬಂತಾ ಹೇಳಿ..."

ಗಂಟೆ ಮೂರೂವರೆ. ಈ ಒಂದು ಸಲ, ಜೋರಾಗಿದೆ ಎಂದವನು ಜೋರಾಗಿದೆ ಎಂದಷ್ಟೇ ಹೇಳಿದ್ದ.

ಯಲ್ಲಾಪುರದ ಬಸ್ಸಿನಲ್ಲಿ ಅವಳು ಅಳಲಿಲ್ಲ. ಕಾಡು ಶುರುವಾದ ಮೇಲೆ ಒಂದೇ ಪ್ರಶ್ನೆ ಕೇಳಿದಳು, ಎಂಟು ಗಂಟೆಗೆ ಬಂದ ಫೋನು ಅದೇನಾ ಎಂದು. ಹೌದೆಂದೆ. ಆಮೇಲೆ ತನ್ನಷ್ಟಕ್ಕೇ ಲೆಕ್ಕ ಹಾಕಿದಳು. ಒಂಬತ್ತರ ಬಸ್ಸು, ಹತ್ತಕ್ಕೆ ಸಿರ್ಸಿ, ಹತ್ತೂವರೆಗೆ ಯಲ್ಲಾಪುರದ ಬಸ್ಸು, ಹನ್ನೆರಡಕ್ಕೆ ಯಲ್ಲಾಪುರ, ಅಲ್ಲಿಂದ ಮುಕ್ಕಾಲು ತಾಸು. "ಎರಡೂವರೆ ತಾಸು ಸಿಗ್ತಿತ್ತು," ಎಂದಳು. ಲೆಕ್ಕ ಸರಿಯಾಗಿಯೇ ಇತ್ತು. ನಾನೇ ಕಲಿಸಿದ್ದೆ.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಗಜಾನನನ ಹೆಂಡತಿ ನನಗೂ ಕುಡಿಯಲು ನೀರು ಕೊಟ್ಟರು. ಸುಮಿತ್ರಕ್ಕ ಆಯಿಯ ತಲೆಯ ಹತ್ತಿರ ಕೂತು ಅವಳ ಕಿವಿಗೆ ಬಗ್ಗಿ, "ಆಯಿ, ಆನು ಬಂದಿ," ಎಂದಳು. ಮತ್ತೆ ಹೇಳಿದಳು, ಮತ್ತೂ ಹೇಳಿದಳು. ನಾನು ಕಂಬದ ಹಿಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಬೆಳಕಿದ್ದಾಗಲೇ ಯಾರದೋ ಬೈಕಿನಲ್ಲಿ ಯಲ್ಲಾಪುರಕ್ಕೆ ಬಂದು ಬಸ್ಸು ಹತ್ತಿದೆ.

ಮದುವೆಯಾದ ಮಗಳಿಗೆ ಮೂರೇ ದಿನದ ಸೂತಕ. ವಿಜ್ಞಾನ ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು. ಪರೀಕ್ಷೆಯ ಬೆಳಿಗ್ಗೆ ಅವಳ ಹಾಲ್ ಟಿಕೆಟ್ ಹಿಡಿದು ಬಸ್ಸಿನ ಕಟ್ಟೆಯಲ್ಲಿ ಕಾದೆ. ಬಂದವರು ಗಣಪಣ್ಣ. "ಅದು ಬತ್ತಿಲ್ಲೆ, ಅಕ್ಕೋರೆ," ಎಂದರು. ಹೋಳಿಗೆಯ ಮಾತು ಅವರು ಮತ್ತೆಂದೂ ಎತ್ತಲಿಲ್ಲ. ಮೇ ತಿಂಗಳಲ್ಲಿ ಫಲಿತಾಂಶದ ಹಾಳೆ ಬಂತು: ಗಣಿತ ಎಪ್ಪತ್ತೆಂಟು, ವಿಜ್ಞಾನ ಗೈರು, ಸಮಾಜ ವಿಜ್ಞಾನ ಗೈರು. ಕೊಟ್ಟಾಗ ಓದಿ ಮಡಚಿ, "ನಿಮಗೆ ತುಂಬಾ ಶ್ರಮ ಆಯ್ತು," ಎಂದಳು. ಒಲೆಯ ಹಿಂದಿನ ಗೋಡೆ ಅಷ್ಟರಲ್ಲಿ ಸಾರಿಸಿಯಾಗಿತ್ತು. ಜೂನಿನ ಮರುಪರೀಕ್ಷೆಯ ಅರ್ಜಿ ಕೊಡಲು ನನಗೆ ಧೈರ್ಯ ಬರಲಿಲ್ಲ. ವರ್ಗಾವಣೆ ತೆರೆದ ಕೂಡಲೇ ನಮ್ಮೂರ ಕಡೆ ಕೇಳಿ ಪಡೆದುಕೊಂಡೆ. ಊಟ, ಬಾಡಿಗೆ, ಶುಭಾಶಯ ಎಲ್ಲವೂ ಮರ್ಯಾದೆಯಿಂದಲೇ ಮುಗಿದವು, ಬೈದಿದ್ದರೆ ಒಳ್ಳೆಯದಿತ್ತು.

ಈ ವರ್ಷ ಪರೀಕ್ಷೆಯ ಕೊನೆಯ ದಿನ, ಕೆಲಸ ಮುಗಿಸಿ ಆ ಊರಿನ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡೆ. ಸುಮಿತ್ರಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. "ಬನ್ನಿ ಅಕ್ಕೋರೆ," ಎಂದು ನೀರು, ಬೆಲ್ಲ ತಂದಿಟ್ಟಳು. ನನ್ನ ಮಕ್ಕಳ ವಿಷಯ ಕೇಳಿದಳು, ಗಣಪಣ್ಣನ ಮೊಣಕಾಲು ನೋವಿನ ವಿಷಯ ಹೇಳಿದಳು. ಮಾತು ಮುಗಿದು ಹಪ್ಪಳ ಮಗುಚಲು ಎದ್ದಾಗ ನಾನೂ ಎದ್ದು ಹಿಂದೆ ಹೋದೆ.

"ಸುಮಿತ್ರಕ್ಕಾ, ಅವತ್ತ ನಾ ಭಾಳ ತಪ್ಪು ಮಾಡಿದೆ. ಅವರು ಆಗಲೇ ಹೋಗ್ಯಾರ ಅಂತ ತಿಳಕೊಂಡೆ. ನೀವು ಪಾಸಾಗ್ಲಿ ಅಂತ..."

"ಗೊತ್ತು ಅಕ್ಕೋರೆ. ನನ್ನ ಒಳ್ಳೇದಕ್ಕೇ ಮಾಡಿದ್ದು. ಅಜ್ಜ ಹೋದಾಗ ಅಪ್ಪಯ್ಯನೂ ಅದನ್ನೇ ಹೇಳಿದ್ದು."

ಒಂದು ಸಾಲು ಹಪ್ಪಳ ಮಗುಚಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಹೇಳಿದ್ರೆ ನಾನು ಹೊರಟು ಹೋಗ್ತಿದ್ನೋ, ಪರೀಕ್ಷೆ ಬರೆದೇ ಹೋಗ್ತಿದ್ನೋ, ನನಗೂ ಗೊತ್ತಿಲ್ಲ. ಇಷ್ಟು ವರ್ಷ ಯೋಚನೆ ಮಾಡಿದ್ದೇನೆ. ಒಂದೊಂದು ದಿನ ಓಡಿ ಹೋಗ್ತಿದ್ದೆ ಅನ್ನಿಸ್ತದೆ. ಒಂದೊಂದು ದಿನ, ದೇವರಾಣೆ, ಬರೆದೇ ಹೋಗ್ತಿದ್ದೆ ಅನ್ನಿಸ್ತದೆ. ಹಾಗೆ ಮಾಡಿದ್ರೆ ಆ ಪಾಪ ನನ್ನದಾಗ್ತಿತ್ತು, ನಾನೇ ಹೊತ್ತುಕೊಳ್ತಿದ್ದೆ. ಈಗ ನಾನು ಎಂಥವಳು ಅಂತ ನನಗೇ ತಿಳಿಯೋ ಹಾಗಿಲ್ಲ."

"ತಪ್ಪಾತ್ರಿ," ಎಂದೆ.

ಅವಳು ಕೈ ಒರೆಸಿಕೊಂಡು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ಆ ಫೋನು ನಿಮಗೆ ಬಂದಿದ್ದಲ್ಲ ಅಕ್ಕೋರೆ. ನನಗೆ ಬಂದಿದ್ದು."

ನಾನು ತಲೆಯಾಡಿಸಿದೆ. ಹದಿನಾಲ್ಕು ವರ್ಷದಿಂದ ಅದನ್ನು ನನಗೆ ಬಂದ ಫೋನು ಎಂದೇ ನೆನೆನೆನೆದು ಅಳುತ್ತಿದ್ದೆ.